ಗಂಟಲು ಕೆಟ್ಟ ಹುಂಜ

ಕೆಳಗಿನ ಊರು, ಲೇಯ್ತೆ ದ್ವೀಪ
೧೨ ಡಿಸೆಂಬರ್ ೧೯೪೩

ಇಸ್ಲಾವ್ ಅಣ್ಣನಿಗೆ,

ಕ್ಷೇಮ ಅಂತ ಬರೆಯುವ ಹಾಗಿಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಮಾತೆಯ ಹಬ್ಬದ ಮರುದಿನ ಜಪಾನಿ ಸೈನಿಕರು ಊರಿನ ಗಂಡಸರನ್ನೆಲ್ಲ ಚರ್ಚಿನೊಳಗೆ ಕೂಡಿಹಾಕಿದರು. ತಲೆಯ ಮೇಲೆ ಬುಟ್ಟಿಚೀಲ ಕವುಚಿಕೊಂಡ ಒಬ್ಬನನ್ನು ಕರೆತಂದು ಕೂರಿಸಿದರು. ಚೀಲಕ್ಕೆ ಕಣ್ಣಿನ ಜಾಗದಲ್ಲಿ ಎರಡು ತೂತು. ಒಬ್ಬೊಬ್ಬರನ್ನೇ ಅವನೆದುರು ನಡೆಸಿದರು. ನನ್ನ ಗಂಡ ಡೆನ್ಸಿಯೊ ಎದುರಿಗೆ ಬಂದಾಗ ಆ ಚೀಲ ತಲೆಯಾಡಿಸಿತಂತೆ. ಅಷ್ಟೇ. ಚೀಲದೊಳಗಿನವನು ಯಾರು, ಏನು ನೋಡಿದ್ದಾನೆ ಅಂತ ಕೇಳುವವರಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಕೈಗೆ ಸಿಕ್ಕಿಬಿದ್ದಿದ್ದೇವೆ. ಡೆನ್ಸಿಯೊ ಹತ್ತಿರ ಕೋವಿ ಇದೆಯಂತೆ. ಅದನ್ನು ತಂದೊಪ್ಪಿಸುವ ತನಕ ಬಿಡುವುದಿಲ್ಲವಂತೆ.

ಅವರ ಹತ್ತಿರ ಇರುವುದು ಒಂದು ಕ್ಷೌರದ ಕತ್ತಿ, ಬ್ಯಾಂಡಿನಲ್ಲಿ ಊದುವ ಒಂದು ಕ್ಲಾರಿನೆಟ್. ಹೊಸ ವರ್ಷದ ಪಟಾಕಿಗೆ ಕಿವಿ ಮುಚ್ಚಿಕೊಂಡು ಅಡುಗೆಮನೆಯಲ್ಲಿ ಕೂರುವ ಮನುಷ್ಯ ಕೋವಿ ಇಟ್ಟುಕೊಂಡು ಏನು ಮಾಡುತ್ತಾರೆ? ಇದನ್ನೇ ಠಾಣೆಯ ಬಾಗಿಲಲ್ಲಿ ಹೇಳಿದೆ. ನಮ್ಮ ಶಾಲೆಯನ್ನೇ ಠಾಣೆ ಮಾಡಿಕೊಂಡಿದ್ದಾರೆ. ಯುದ್ಧಕ್ಕೆ ಮುಂಚೆ ಸಂತೆಮಾಳದಲ್ಲಿ ಐಸು ತುರಿದು ಸಿಹಿ ಮಾರುತ್ತಿದ್ದನಲ್ಲ, ಆ ಜಪಾನಿಯೇ ಈಗ ಸಮವಸ್ತ್ರ ತೊಟ್ಟು ದುಭಾಷಿಯಾಗಿದ್ದಾನೆ. ಅವನು ನನ್ನನ್ನು ಆಚೆ ಕರೆದು, "ಇಲ್ಲ ಇಲ್ಲ ಅಂತ ಎಷ್ಟ್ ಸಲ ಹೇಳಿದ್ರೂ ಕ್ಯಾಪ್ಟನ್ ನಂಬಲ್ಲ ತಾಯಿ. ನಂಬ್ಸೋಕೆ ಹೋಗ್ಬೇಡ. ಎಲ್ಲಿಂದಾದ್ರೂ ಒಂದು ಕೋವಿ ತಂದ್ಕೊಡು, ಬಿಡಿಸ್ಕೊಂಡ್ ಹೋಗು" ಅಂದ. ಜನವರಿ ಆರರ ಮೂವರು ರಾಜರ ಹಬ್ಬದವರೆಗೆ ಗಡುವು. ಆಮೇಲೆ ಉಳಿದವರನ್ನು ತೆಂಗಿನ ತೋಪಿಗೆ ಕರೆದೊಯ್ಯುತ್ತಾರೆ. ಹಾಗೆ ಹೋದವರು ಯಾರೂ ವಾಪಸು ಬಂದಿಲ್ಲ.

ನೀನು ಮೇಲೆ ಬೆಟ್ಟದಲ್ಲಿ ನಮ್ಮ ಹುಡುಗರಿಗೆ ಕೊಳವೆಯಿಂದ ಕೋವಿ ಮಾಡಿಕೊಡುತ್ತಿದ್ದೀಯ ಅಂತ ನನಗೆ ಗೊತ್ತು. ಒಂದು ಕೋವಿ ಕೊಡು ಅಣ್ಣಾ. ಎಂಥದ್ದಾದರೂ ಆಗಲಿ, ಕೋವಿ ಅಂತ ಕಂಡರೆ ಸಾಕು. ಇಲ್ಲದ ಕೋವಿಗಾಗಿ ನನ್ನ ಗಂಡನ ಜೀವ ಹೋಗುತ್ತಿದೆ.

ನಿನ್ನ ತಂಗಿ,
ಚೊರಿಂಗ್

*

೧೬ ಡಿಸೆಂಬರ್

ಚೊರಿಂಗ್,

ನಿನಗೆ ತಲೆ ನೆಟ್ಟಗಿದೆಯೇ? ಒಂದೇ ಕಾಗದದಲ್ಲಿ ಆ ಪದವನ್ನು ಎಷ್ಟು ಸಲ ಬರೆದಿದ್ದೀಯ? ಕಳ್ಳು ಮಾರುವ ಬೆನಿಂಗ್ ಅಜ್ಜಿ ಆ ಕಾಗದವನ್ನು ಕಳ್ಳಿನ ಬಿದಿರಿನೊಳಗೆ ತುರುಕಿಕೊಂಡು ಎರಡು ಕಾವಲು ದಾಟಿ ಬಂದಿದ್ದಾಳೆ. ಸಿಕ್ಕಿದ್ದರೆ ಮುದುಕಿಯ ತಲೆ ಸೇತುವೆಯ ಕಂಬದ ಮೇಲಿರುತ್ತಿತ್ತು. ಇನ್ನು ಮೇಲೆ ನಾವಿಬ್ಬರೂ ಹುಂಜದ ಮಾತೇ ಆಡೋಣ. ಜೀವಮಾನವೆಲ್ಲ ಕೋಳಿ ಅಂಕ ಆಡಿಸಿಕೊಂಡೇ ಸತ್ತವರು ನಮ್ಮಪ್ಪ. ಅವರ ಮಕ್ಕಳು ಹುಂಜದ ವಿಷಯ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ನೀನು ಕೇಳಿದ್ದು ಹುಂಜ. ಅದರ ಕೊಳವೆ ಅಂದರೆ ಗಂಟಲು. ಒಳಗೆ ಹಾಕುವ ತೋಟೆ ಅಂದರೆ ಕಾಳು. ಇಲ್ಲಿನ ಕಮಾಂಡರು ಅಂದರೆ ಮಾವ. ಓದಿದ ಕೂಡಲೇ ಇದನ್ನು ಒಲೆಗೆ ಹಾಕು.

ಮಾವ ಒಪ್ಪುವುದಿಲ್ಲ. ಇಲ್ಲಿ ನಾಲ್ಕು ಜನಕ್ಕೆ ಒಂದು ಹುಂಜ. ಕಾವಲು ಮುಗಿಸಿ ಬಂದವನು ಕೆಳಗಿಡುವ ಮುಂಚೆ ಹೋಗುವವನು ಕಿತ್ತುಕೊಳ್ಳುತ್ತಾನೆ. ಉಳಿದವರು ನಾನು ಬಡಿದ ಮಚ್ಚು ಹಿಡಿದು ಓಡಾಡುತ್ತಾರೆ. ನಲ್ಲಿಯ ಕೊಳವೆ, ಮುರಿದ ಮಂಚ, ಬಾಗಿಲ ಮೊಳೆ, ಏನು ಸಿಕ್ಕಿದರೂ ಅದರಲ್ಲೇ ಹುಟ್ಟಿಸುತ್ತಿದ್ದೇನೆ. ಕಾಳಿಗೆ ಪಾದ್ರಿಗಳ ಮನೆಯ ಪರದೆ ಕಂಬಿಯನ್ನೂ ಬಿಟ್ಟಿಲ್ಲ. ಇಂಥದ್ದರಲ್ಲಿ ಒಂದನ್ನು ನಾವೇ ಹೋಗಿ ಶತ್ರುವಿನ ಕೈಗೆ ಇಡಬೇಕೇ ಅಂತ ಮಾವ ನಕ್ಕರು. ನನಗೂ ಅವರ ಮಾತು ತಪ್ಪೆನಿಸಲಿಲ್ಲ. ನಿನಗೆ ನೋವಾಗುತ್ತದೆ ಅಂತ ಗೊತ್ತು.

ನಾನೊಂದು ಉಪಾಯ ಹೇಳುತ್ತೇನೆ. ಹೊಳೆಗೆ ಎಸೆದುಬಿಟ್ಟೆ ಅಂತ ಒಪ್ಪಿಕೊಳ್ಳಲು ಡೆನ್ಸಿಯೊಗೆ ಹೇಳು. ಮನುಷ್ಯನ ಬಾಯಿ ಬಿಡಿಸಬಹುದು, ಹೊಳೆಯ ಬಾಯಿ ಯಾರು ಬಿಡಿಸುತ್ತಾರೆ? ಸ್ವಲ್ಪ ದಿನ ಒದ್ದಾಡಿಸಿ ಬಿಡುತ್ತಾರೆ. ನನಗೆ ಕ್ಷೌರ ಮಾಡುವಾಗ ಬೆಕ್ಕು ಸೀನಿದರೂ ಕತ್ತಿ ಬೀಳಿಸುತ್ತಿದ್ದ ಆಸಾಮಿ, ಧೈರ್ಯ ಹೇಳು.

ನಿನ್ನ ಅಣ್ಣ

*

೨೧ ಡಿಸೆಂಬರ್

ಅಣ್ಣಾ,

ನಿನ್ನ ಹೊಳೆಯ ಉಪಾಯವನ್ನು ಡೆನ್ಸಿಯೊಗೆ ಮುಟ್ಟಿಸಿದೆ. ಅವರೂ ಹಾಗೇ ಹೇಳಿದರು. ಸೈನಿಕರು ಸೊಂಟಕ್ಕೆ ಹಗ್ಗ ಕಟ್ಟಿ ಹೊಳೆಗೆ ಇಳಿಸಿದರು. ಎಸೆದವನೇ ಹುಡುಕಿ ತೆಗೆಯಲಿ ಅಂತ. ಬೆಳಗಿನಿಂದ ಸಂಜೆಯವರೆಗೆ ಮುಳುಗಿಸುವುದು, ಎಳೆಯುವುದು, ಮುಳುಗಿಸುವುದು. ಬಟ್ಟೆ ಒಗೆಯಲು ಬಂದ ಹೆಂಗಸರೆಲ್ಲ ದಡದಲ್ಲಿ ನಿಂತು ನೋಡಿದೆವು. ಕೊನೆಗೆ ಕೆಸರು ಬಿಟ್ಟರೆ ಬೇರೇನೂ ಸಿಗಲಿಲ್ಲ ಅಂತ ಅವರ ಕೈಬೆರಳುಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಒಗೆಯಲು ಕಳಿಸಿದ ಅವರ ಅಂಗಿಯನ್ನು ನಾನೇ ಒಗೆದೆ. ಏನೇನು ಹೋಯಿತು, ಏನು ಹೋಗಲಿಲ್ಲ ಅಂತ ನಿನಗೆ ಬರೆಯುವುದಿಲ್ಲ.

ಈಗ ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಮುಂಜಾವಿನ ಪೂಜೆಗಳು ನಡೆಯುತ್ತಿವೆ. ಬ್ಯಾಂಡಿನವರು ಬರುತ್ತಾರೆ. ಕ್ಲಾರಿನೆಟ್ ಬರಬೇಕಾದ ಜಾಗದಲ್ಲಿ ಸುಮ್ಮನೆ ನಿಂತು, ತಾಳ ಎಣಿಸಿ, ಮುಂದಕ್ಕೆ ಹೋಗುತ್ತಾರೆ. ನನ್ನ ಮುಖ ನೋಡುವ ಧೈರ್ಯ ಅವರಲ್ಲಿ ಯಾರಿಗೂ ಇಲ್ಲ.

ಅನ್ನ ತೆಗೆದುಕೊಂಡು ಹೋದಾಗ ಒಂದು ಗಳಿಗೆ ಮಾತಾಡಲು ಬಿಟ್ಟರು. ಕೈ ಬಟ್ಟೆಯಲ್ಲಿ ಸುತ್ತಿತ್ತು. ಗೆಣಸನ್ನು ನಾನೇ ಮುರಿದು ಬಾಯಿಗಿಟ್ಟೆ. ಅವರು, "ನಿಮ್ಮಣ್ಣ ಎಲ್ಲಿದ್ದಾನೆ ಅಂತ ಇನ್ನೂ ಕೇಳಿಲ್ಲ. ಕೇಳಿದ್ರೆ ಏನ್ ಮಾಡ್ತೀನೋ ಗೊತ್ತಿಲ್ಲ" ಅಂದರು. ತಮಾಷೆ ಮಾಡುವ ಹಾಗೆ ನಗಲು ನೋಡಿದರು.

ಈಗ ಕಿವಿಗೊಟ್ಟು ಕೇಳು. ಒಂದು ಹುಂಜ ಬೇಕು. ತೋರಿಕೆಯದ್ದಾದರೂ ಸಾಕು. ತಂದೊಪ್ಪಿಸಿದ ಹುಂಜಗಳನ್ನು ಸೈನಿಕರು ಎಣಿಸಿ ಶಾಲೆಯ ಮೂಲೆಯಲ್ಲಿ ಸೌದೆಯ ಹಾಗೆ ರಾಶಿ ಹಾಕುತ್ತಾರೆ. ಕೂಗುತ್ತದೋ ಇಲ್ಲವೋ ಅಂತ ಯಾರೂ ನೋಡುವುದಿಲ್ಲ. ಹಾಗಾಗಿ ನಿಮಗೇನೂ ನಷ್ಟವಿಲ್ಲ ಅಂತ ಮಾವನಿಗೆ ಹೇಳು. ಅದಕ್ಕೂ ಒಪ್ಪದಿದ್ದರೆ ಇನ್ನೊಂದು ಮಾತು ಹೇಳು: ಬೆಟ್ಟದ ಯಾವ ಮಗ್ಗುಲಲ್ಲಿ ನಿನ್ನ ಕುಲುಮೆಯ ಹೊಗೆ ಏಳುತ್ತದೆ ಅಂತ ನನಗೆ ಗೊತ್ತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹತ್ತಿದ ಬೆಟ್ಟ ಅದು. ಕ್ಯಾಪ್ಟನ್ ಹತ್ತಿರ ಹೋಗಿ ಬೆರಳು ತೋರಿಸಲು ನನಗೆ ದುಭಾಷಿಯೂ ಬೇಕಾಗಿಲ್ಲ. ಇಂಥ ಮಾತು ಬರೆಸಿದ್ದು ನೀನು. ನನಗೀಗ ಮಾವನೂ ಬೇಡ, ದೇಶವೂ ಬೇಡ.

ಚೊರಿಂಗ್

*

೨೭ ಡಿಸೆಂಬರ್

ತಂಗಿ,

ನಿನ್ನ ಕಾಗದ ನನಗಿಂತ ಮೊದಲು ಮಾವನ ಕೈಗೆ ಹೋಯಿತು. ಹೊಗೆಯ ಮಾತು ಓದಿ ಇಬ್ಬರನ್ನು ಕೆಳಗೆ ಕಳಿಸಲು ಹೊರಟಿದ್ದರು. ಯಾಕೆ ಅಂತ ಬಿಡಿಸಿ ಹೇಳಬೇಕೇ? ನಾನು ಹೋಗಿ ಕಾಲು ಹಿಡಿದೆ. ಹೊಟ್ಟೆಯ ಸಂಕಟಕ್ಕೆ ಬರೆದಿದ್ದಾಳೆ, ಅವಳು ಅಂಥವಳಲ್ಲ ಅಂದೆ. ನೀನು ಅಂಥವಳೋ ಅಲ್ಲವೋ ನನಗೆ ನಿಜಕ್ಕೂ ಗೊತ್ತಾಗುತ್ತಿಲ್ಲ ಚೊರಿಂಗ್. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಬರೆಯುತ್ತಿದ್ದೆನೋ.

ಕೊನೆಗೆ ಮಾವ, "ಹೋಗ್ಲಿ, ನಿನ್ ತಂಗಿ ಬಾಯ್ ಮುಚ್ಸೋ ಹುಂಜ ನೀನೇ ಹುಟ್ಸು. ಆದ್ರೆ ನಾನ್ ಹೇಳ್ದಂಗ್ ಹುಟ್ಸು" ಅಂದರು. ಹಾಗೇ ಹುಟ್ಟಿಸಿದ್ದೇನೆ. ಬೆನಿಂಗ್ ಅಜ್ಜಿ ಬಿಡಿಬಿಡಿಯಾಗಿ ಮೂರು ಬಿದಿರಿನಲ್ಲಿ ತರುತ್ತಾಳೆ, ಮೇಲೆ ಕೆಂಪು ಕಳ್ಳು ಇರುತ್ತದೆ. ಜೋಡಿಸುವುದು ಕಷ್ಟವಲ್ಲ, ಚಿಕ್ಕಂದಿನಲ್ಲಿ ನನ್ನ ಕುಲುಮೆಯ ತಿದಿ ಒತ್ತಿದವಳು ನೀನು.

ಒಂದು ಮಾತು ನೆನಪಿಡು. ಇದು ಗಂಟಲು ಕೆಟ್ಟ ಹುಂಜ. ತೋರಿಕೆಗೆ ಮಾತ್ರ. ಇದಕ್ಕೆ ಕಾಳು ಹಾಕಬೇಡ. ಅಂಕದ ದಿನ ಅಪ್ಪ ಬಡಕೊಳ್ಳುತ್ತಿದ್ದರಲ್ಲ, ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೇನೆ, ಕಾಳು ಹಾಕಬೇಡ. ಕೊಟ್ಟುಬಿಡು, ಗಂಡನ ಕೈ ಹಿಡಿದುಕೊಂಡು ಮನೆಗೆ ಹೋಗು, ಹಿಂದಿರುಗಿ ನೋಡಬೇಡ. ಯಾಕೆ ಅಂತ ಬರೆಯಲಾರೆ. ಇದನ್ನೂ ಮಾವ ಓದಿಯೇ ಕಳಿಸುತ್ತಾರೆ.

ಡೆನ್ಸಿಯೊ ಬೆರಳಿಗೆ ಬಿಸಿ ತೆಂಗಿನೆಣ್ಣೆ ಹಚ್ಚು. ಹೊಳೆಯ ಮಾತು ಹೇಳಿದ್ದಕ್ಕೆ ನನ್ನ ನಾಲಿಗೆ ಸೀದುಹೋಗಲಿ.

ಇಸ್ಲಾವ್

*

೩ ಜನವರಿ ೧೯೪೪

ಪ್ರೀತಿಯ ಅಣ್ಣನಿಗೆ,

ಹುಂಜ ಬಂತು. ಬಿಚ್ಚಿ ನೋಡಿ ಅತ್ತುಬಿಟ್ಟೆ. ನೀರಿನ ಕೊಳವೆ, ಮೊಳೆ, ಮರದ ಹಿಡಿ, ಅಷ್ಟೇ ಇದ್ದರೂ ಎಷ್ಟು ಚೆಂದ ಮಾಡಿದ್ದೀಯ. ಹಿಡಿಯನ್ನು ಉಜ್ಜಿ ನುಣುಪು ಮಾಡಿದ್ದು ಡೆನ್ಸಿಯೊ ಕೈ ನೆನೆಸಿಕೊಂಡೇ ತಾನೆ? ಹೋದ ಕಾಗದದಲ್ಲಿ ನಿನ್ನನ್ನು ಹೆದರಿಸಿದ್ದಕ್ಕೆ ಕ್ಷಮಿಸು. ನನ್ನ ಹೊಟ್ಟೆಯೊಳಗಿನ ಬೆಂಕಿ ಬರೆಯಿತು, ನಾನಲ್ಲ.

ಈಗ ಕೈಗೆ ಬಂದ ಮೇಲೆ ಒಂದು ನಿಜ ಹೇಳುತ್ತೇನೆ, ಸಿಟ್ಟು ಮಾಡಬೇಡ. ಈ ಕಾಗದವನ್ನು ಮಾವನಿಗೆ ತೋರಿಸದೆ ನಿನ್ನ ಕೈಗೇ ಕೊಡಬೇಕು ಅಂತ ಅಜ್ಜಿಯಿಂದ ಆಣೆ ಮಾಡಿಸಿಕೊಂಡಿದ್ದೇನೆ. ಎಣಿಸಿ ರಾಶಿ ಹಾಕುತ್ತಾರೆ, ಕೂಗುತ್ತದೋ ಇಲ್ಲವೋ ನೋಡುವುದಿಲ್ಲ ಅಂತ ಬರೆದಿದ್ದು ಸುಳ್ಳು. ಜೀವ ಉಳಿಸಿಕೊಳ್ಳಲು ಜನ ಬರೀ ಕೊಳವೆಗೆ ಹಿಡಿ ಹಾಕಿ ತಂದೊಪ್ಪಿಸುತ್ತಿದ್ದಾರೆ ಅಂತ ಕ್ಯಾಪ್ಟನ್‌ಗೆ ಗೊತ್ತಾಗಿದೆ. ಹಾಗಾಗಿ ಒಪ್ಪಿಸುವವನೇ ಎಲ್ಲರೆದುರು ಒಂದು ಸಲ ಕೂಗಿಸಿ ತೋರಿಸಬೇಕು. ಕೂಗಿದರೆ ರಹದಾರಿ ಚೀಟಿ, ಇಲ್ಲದಿದ್ದರೆ ತೆಂಗಿನ ತೋಪು. ಇದನ್ನು ಮೊದಲೇ ಬರೆದಿದ್ದರೆ ಕೂಗುವ ಹುಂಜವನ್ನು ಶತ್ರುವಿಗೆ ಕೊಡಲು ಮಾವ ಸುತರಾಂ ಒಪ್ಪುತ್ತಿರಲಿಲ್ಲ. ಅದಕ್ಕೇ ಮುಚ್ಚಿಟ್ಟೆ. ನಿನ್ನ ಕೈಯಲ್ಲಿ ಹುಟ್ಟಿದ ಯಾವ ಹುಂಜವೂ ಕೂಗದೆ ಇರುವುದಿಲ್ಲ ಅಂತ ನನಗೆ ನಂಬಿಕೆ ಇತ್ತು.

ನೀನು ಬರೆದದ್ದೆಲ್ಲ ನನಗೆ ಅರ್ಥವಾಯಿತು. ಮಾವ ಓದುತ್ತಾರೆ ಅಂತ ತೋರಿಕೆಗೆ ಮಾತ್ರ ಅಂತ ಬರೆದು, ಅಪ್ಪನ ಮಾತು ನೆನಪಿಸಿದೆಯಲ್ಲ, ಜಾಣ ನೀನು. ಹುಂಜ ಕಣ ಮುಟ್ಟುವವರೆಗೆ ಕಾಳು ಹಾಕಬೇಡಿ ಅಂತ ಅಪ್ಪ ಅಂಕದ ದಿನ ಬೆಳಗಿನಿಂದ ಬಡಕೊಳ್ಳುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು, ಬಿಡುವ ಗಳಿಗೆಯಲ್ಲಿ ತಮ್ಮ ಬಾಯಿಂದಲೇ ಒಂದೇ ಒಂದು ಕಾಳು ಅದರ ಕೊಕ್ಕಿಗೆ ಕೊಡುತ್ತಿದ್ದರು. ಹಾಗೇ ಮಾಡುತ್ತೇನೆ. ದಾರಿಯಲ್ಲಿ ಖಾಲಿ, ಕಣದಲ್ಲಿ ಒಂದು. ಆ ಒಂದು ಕಾಳನ್ನು ಚರ್ಚಿನ ಗಂಟೆ ಬಾರಿಸುವವನ ಹೆಂಡತಿಯ ಹತ್ತಿರ ಬೇಡಿ ತಂದಿದ್ದೇನೆ. ಅವಳ ಗಂಡ ಬಾವಲಿ ಹೊಡೆಯಲು ಇಟ್ಟುಕೊಂಡಿದ್ದನಂತೆ. ಗಂಟಲು ಕೆಟ್ಟಿದೆ ಅಂದೆಯಲ್ಲ, ತೆಂಗಿನೆಣ್ಣೆಯ ಬಟ್ಟೆ ತೂರಿಸಿ ಒಳಗಿನ ತುಕ್ಕನ್ನೆಲ್ಲ ತೆಗೆದಿದ್ದೇನೆ. ಈಗ ಕನ್ನಡಿಯ ಹಾಗಿದೆ.

ಒಂದೇ ತೊಂದರೆ ಇದ್ದದ್ದು ಡೆನ್ಸಿಯೊ ಕೈ. ಕೊಳವೆಯನ್ನು ಹಿಂದಕ್ಕೆ ಬಡಿದರೆ ಹಿಡಿಯಲ್ಲಿರುವ ಮೊಳೆ ಕಾಳಿಗೆ ಚುಚ್ಚಿ ಹುಂಜ ಕೂಗುತ್ತದೆ, ಹಾಗೆ ಬಡಿಯಲು ಅವರ ಬೆರಳಿಗೆ ಆಗುವುದಿಲ್ಲ. ದುಭಾಷಿ ಕ್ಯಾಪ್ಟನ್‌ಗೆ ಹೇಳಿ ನನ್ನನ್ನೂ ಜೊತೆಗೆ ನಿಲ್ಲಲು ಒಪ್ಪಿಸಿದ್ದಾನೆ. ಅವರು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಾರೆ, ನಾನು ಬಡಿಯುತ್ತೇನೆ. ಹಬ್ಬದ ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಚರ್ಚಿನ ಮುಂದಿನ ಬಯಲಲ್ಲಿ. ಪಟಾಕಿಗೆ ಹೆದರುವವರು ಅಂತ ಕಿವಿಗೆ ಹತ್ತಿ ಎತ್ತಿಟ್ಟಿದ್ದೇನೆ.

ನೀನು ನನ್ನ ಗಂಡನನ್ನು ಉಳಿಸಿದೆ ಅಣ್ಣಾ. ಈ ಋಣ ತೀರಿಸಲು ನನಗಾಗುವುದಿಲ್ಲ.

ನಿನ್ನ ಚೊರಿಂಗ್

*

೫ ಜನವರಿ

ಚೊರಿಂಗ್

ಕೋವಿ. ಹುಂಜ ಅಲ್ಲ, ಕೋವಿ. ಅದು ಕೋವಿ ಅಲ್ಲ, ಒಡೆಯುತ್ತದೆ. ತೋಟೆ ಹಾಕಬೇಡ. ಯಾವತ್ತೂ ಹಾಕಬೇಡ, ಕಣದಲ್ಲೂ ಹಾಕಬೇಡ, ಅಪ್ಪನ ಮಾತು ಬಿಡು. ಹಿಡಿದವನನ್ನೇ ಕೊಲ್ಲುವ ಹಾಗೆ ನಾನೇ ಮಾಡಿದ್ದೇನೆ. ಕಮಾಂಡರು ಹಾಕಿದ ಷರತ್ತು ಅದೇ. ಕೆಳಗೆ ಹೋಗುವ ಕೋವಿಯಿಂದ ನಮ್ಮ ಹುಡುಗರು ಸಾಯಬಾರದು, ಅದನ್ನು ಹೊಡೆಯುವ ಸೈನಿಕ ಸಾಯಬೇಕು. ತೆಳ್ಳಗಿನ ಕೊಳವೆ ಹಾಕಿದೆ, ತೆಳ್ಳಗಿದ್ದದ್ದನ್ನು ಒಳಗಿನಿಂದ ಇನ್ನೂ ಅರದಲ್ಲಿ ಉಜ್ಜಿ ಸವೆಸಿದೆ. ತುಕ್ಕಲ್ಲ ಅದು, ಸವೆಸಿದ ಗುರುತು ಮುಚ್ಚಲು ನಾನು ಬಳಿದ ಮಸಿ. ರಾಶಿಗೆ ಹಾಕುತ್ತಾರೆ ಅಂತ ನೀನೇ ಬರೆದಿದ್ದೆಯಲ್ಲ, ಮಾಡುವಾಗ ನನಗೆ ಖುಷಿಯೇ ಆಗುತ್ತಿತ್ತು. ಯಾವನೋ ಒಬ್ಬನ ಮುಖ ಹೋಗುತ್ತದೆ ಅಂದುಕೊಂಡೆ.

ಬಾವಿಗೆ ಹಾಕು. ಕಳ್ಳರು ಒಯ್ದರು ಅನ್ನು. ಕೋವಿ ಮಾಡುವವನನ್ನೇ ಹಿಡಿದುಕೊಡುತ್ತೇನೆ ಅನ್ನು, ಹೊಗೆಯ ಜಾಗ ತೋರಿಸು, ನಾನೇ ತೋರಿಸು ಅನ್ನುತ್ತಿದ್ದೇನೆ. ನಾನೂ ಇಳಿದು ಬರುತ್ತೇನೆ, ನನ್ನನ್ನು ಕೊಟ್ಟು ಅವನನ್ನು ಬಿಡಿಸಿಕೋ. ನಿನ್ನ ಕಾಗದ ಈಗ ತಾನೇ ಕೈಗೆ ಬಂತು. ಬೆನಿಂಗ್ ಅಜ್ಜಿ ದಣಿದು ಕೂತವಳು ನನ್ನ ಮುಖ ನೋಡಿ ತಾನೇ ಎದ್ದು ನಿಂತಿದ್ದಾಳೆ. ಹೊಡೆಯಬೇಡ.

ಇಸ್ಲಾವ್

*

೧೧ ಜನವರಿ

ಅಣ್ಣಾ,

ನೀನು ಇಳಿಯಲು ಹೊರಟಾಗ ಹಿಡಿದು ಕಟ್ಟಿಹಾಕಿದರಂತೆ, ನಿನ್ನೆ ಅಜ್ಜಿ ಹೇಳಿದಳು. ನಿನಗೆ ಇನ್ನೂ ಯಾರೂ ಏನೂ ತಿಳಿಸಿಲ್ಲವಂತೆ. ನಾನೇ ಬರೆಯುತ್ತೇನೆ. ಡೆನ್ಸಿಯೊ ಇಲ್ಲ. ಹಬ್ಬದ ದಿನ ಮಧ್ಯಾಹ್ನ ಹೋದರು. ಮಾರನೆಯ ದಿನ ಮಣ್ಣು ಮಾಡಿದೆವು, ಬ್ಯಾಂಡಿನವರೆಲ್ಲ ಬಂದಿದ್ದರು.

ನಿನ್ನ ಕಾಗದ ತಡವಾಯಿತು ಅಂತ ನೀನು ಅಂದುಕೊಂಡಿರುತ್ತೀಯ. ಆಗಲಿಲ್ಲ. ಪೂಜೆ ಮುಗಿದು ನಾವು ಬಯಲಲ್ಲಿ ಸಾಲಾಗಿ ನಿಂತಿದ್ದಾಗ ಅಜ್ಜಿ ಬಂದಳು. ಕಾಲಲ್ಲಿ ರಕ್ತ ಬರುತ್ತಿತ್ತು. ಕಳ್ಳು ಕೊಡುವ ನೆಪದಲ್ಲಿ ಕೈಗೆ ತುರುಕಿದಳು. ನಮ್ಮ ಮುಂದೆ ಇನ್ನಿಬ್ಬರು ಇದ್ದರು. ನಾನು ತಲೆಗೆ ಹೊದ್ದ ಬಟ್ಟೆಯ ಮರೆಯಲ್ಲಿ ಓದಿದೆ, ಓದಿದ್ದನ್ನು ಅವರ ಕಿವಿಯಲ್ಲಿ ಹೇಳಿದೆ. ಓಡಿಹೋಗೋಣ ಅಂದೆ, ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ. ಅಣ್ಣ ಬರುತ್ತಾನಂತೆ, ಅವನನ್ನು ಕೊಡು ಅಂದಿದ್ದಾನೆ ಅಂತಲೂ ಹೇಳಿದೆ. ಹೌದು, ಹೇಳಿದೆ. ಅವರು ಒಪ್ಪಿದ್ದರೆ ಅಲ್ಲೇ ನಿಂತು ಬೆಟ್ಟದ ಕಡೆ ಕೈ ತೋರಿಸಿಬಿಡುತ್ತಿದ್ದೆ.

ಅವರು ಸಾಲಿನ ಮುಂದಿದ್ದ ಇಬ್ಬರನ್ನು ನೋಡಿದರು. ಆಮೇಲೆ, "ಹೊಡೀಲಿಲ್ಲ ಅಂದ್ರೆ ಇದನ್ನ ಯಾರು ಮಾಡಿದ್ದು ಅಂತ ಶುರು ಮಾಡ್ತಾರೆ. ಇನ್ನೊಂದ್ ಸಲ ಕೇಳಿದ್ರೆ ನಾನ್ ಹೇಳ್ಬಿಡ್ತೀನಿ ಚೊರಿಂಗ್. ನನ್ ಕೈಲಿ ಇನ್ ಆಗಲ್ಲ. ನಿಮ್ಮಣ್ಣ, ಆ ಹುಡುಗ್ರು, ಈ ಮುದುಕಿ, ನೀನು, ಎಲ್ಲಾ ಹೋಗ್ತೀರಿ" ಅಂದರು. ಪಟಾಕಿಗೆ ಹೆದರುವವರು ಇದನ್ನು ಹೇಳುವಾಗ ದನಿ ಏರಿಸಲಿಲ್ಲ. ನಾನು ಕಿವಿಗೆ ಹತ್ತಿ ಇಟ್ಟೆ. ಬೇರೇನು ಮಾಡಬೇಕು ಅಂತ ತೋಚಲಿಲ್ಲ.

ತೋಟೆ ಹಾಕಿದ್ದು ನಾನೇ. ಅವರ ಬೆರಳಿಗೆ ಅದೂ ಆಗುತ್ತಿರಲಿಲ್ಲ. ಹೆಂಡತಿ ಬೇಡ, ಒಬ್ಬನೇ ಮಾಡುತ್ತೇನೆ ಅಂತ ದುಭಾಷಿಗೆ ಹೇಳಿದರು. ಕೊಳವೆಯ ಬಾಯನ್ನು ಮಳೆಮರದ ಬುಡಕ್ಕೆ ಒತ್ತಿ, ಹಿಡಿಯನ್ನು ಎದೆಗಾನಿಸಿ, ಮೈಭಾರವನ್ನೆಲ್ಲ ಮುಂದಕ್ಕೆ ಬಿಟ್ಟರು. ಸದ್ದಾಯಿತು. ಕ್ಯಾಪ್ಟನ್ ನಡೆದು ಬಂದು ಚೂರುಗಳನ್ನು ಬೂಟಿನಿಂದ ಹೊರಳಿಸಿ ನೋಡಿ, ಇದು ಕೋವಿಯೇ ಅಂತ ಒಪ್ಪಿಕೊಂಡ. ಕೊಟ್ಟ ಮಾತಿಗೆ ತಪ್ಪದವನ ಹಾಗೆ ರಹದಾರಿ ಚೀಟಿಗೆ ಮುದ್ರೆ ಒತ್ತಿಸಿದ. ನನ್ನ ಗಂಡ ಇನ್ನು ಎಲ್ಲಿ ಬೇಕಾದರೂ ಓಡಾಡಬಹುದಂತೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆಯಲು ಕೂತಿದ್ದೆ. ಅದು ಸುಳ್ಳು, ಸಿಟ್ಟಿದೆ. ನನ್ನ ಮೇಲೂ ಇದೆ. ಹೊಡೆದು ತೋರಿಸಬೇಕು ಅಂತ ನಾನು ಒಂದು ಸಾಲು ಬರೆದಿದ್ದರೆ ನೀನು ಹಾಗೆ ಮಾಡುತ್ತಿರಲಿಲ್ಲ. ಒಡೆಯುತ್ತದೆ ಅಂತ ನೀನು ಒಂದು ಸಾಲು ಬರೆದಿದ್ದರೆ ನಾನು ಬೇರೆ ದಾರಿ ಹುಡುಕುತ್ತಿದ್ದೆ. ಇಬ್ಬರೂ ಬಹಳ ಜಾಣತನ ಮಾಡಿದೆವು. ಇನ್ನು ಮೇಲೆ ನನಗೆ ಕಾಗದ ಬರೆಯಬೇಡ. ಬಂದರೆ ಓದುತ್ತೇನೆ, ಆದರೆ ಬರೆಯಬೇಡ.

ಇನ್ನೊಂದು ವಿಷಯವನ್ನು ಹೇಳದೆ ಇರಲಾಗುವುದಿಲ್ಲ. ಅವರು ಒಬ್ಬನೇ ಮಾಡುತ್ತೇನೆ ಅಂದಾಗ ನಾನು ಅವರ ತೋಳು ಬಿಡಲಿಲ್ಲ. ಜೊತೆಗೇ ನಿಲ್ಲುತ್ತೇನೆ ಅಂತ ಹಟ ಹಿಡಿದೆ. ಅವರಿಗೆ ನನ್ನನ್ನು ತಳ್ಳುವ ಶಕ್ತಿ ಇರಲಿಲ್ಲ. ಆಗ ಮೆಲ್ಲಗೆ, "ಆಯ್ತು, ನಿಂತ್ಕೋ. ಎಡಗಡೆ ಒಡೆಯುತ್ತೋ ಬಲಗಡೆ ಒಡೆಯುತ್ತೋ ಕಾಗ್ದದಲ್ಲಿ ನೋಡಿ ಹೇಳು, ಆಚೆ ಮಗ್ಗುಲಿಗೆ ನಿಲ್ಲಿಸ್ತೀನಿ ನಿನ್ನ" ಅಂದರು. ನಾನು ಕಾಗದವನ್ನು ಮತ್ತೆ ಬಿಚ್ಚಿದೆ. ಮೇಲಿನಿಂದ ಕೆಳಗಿನವರೆಗೆ ಓದಿದೆ, ಹಿಂದುಗಡೆಯೂ ತಿರುಗಿಸಿ ನೋಡಿದೆ. ಬರೆದಿಲ್ಲ ಅಂದೆ. ಹಾಗಾದರೆ ದೂರ ಹೋಗು ಅಂದರು, ಹೋದೆ.

ಚೊರಿಂಗ್